ಪ್ರವಾಸ ಹೊರಡುವವರಿಗೆ ಹಬ್ಬದ ಉಡುಗೊರೆ: ಬೆಲೆಗಿಂತ ಮೊದಲು ತೂಕ ನೋಡಿ

ಪ್ರಶ್ನೆ: ನಮ್ಮ ಅಕ್ಕ ಮತ್ತು ಭಾವನವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಪ್ರವಾಸ ಹೊರಡುತ್ತಾರೆ. ದೀಪಾವಳಿಗೆ ನಮ್ಮ ಮನೆಗೆ ಬರಲಿರುವ ಅವರು ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಿಂದ ವಿಮಾನದಲ್ಲಿ ಕಾಶಿಗೆ ಹೋಗುವವರಿದ್ದಾರೆ. ಅವರ ಮಗ ಜರ್ಮನಿಯಲ್ಲಿ ಓದುತ್ತಿದ್ದು, ಹಬ್ಬ ಮುಗಿಸಿ ಅಲ್ಲಿಗೆ ಮರಳುತ್ತಾನೆ. ಪ್ರತಿ ವರ್ಷ ಸೀರೆ, ಪಂಚೆ, ಬೆಳ್ಳಿ ಲೋಟ ಕೊಟ್ಟು ಸಾಕಾಗಿದೆ. ಪ್ರಯಾಣದಲ್ಲಿ ನಿಜವಾಗಿ ಬಳಕೆಗೆ ಬರುವಂಥದ್ದು ಏನು ಕೊಡಬಹುದು? ಚಳ್ಳಕೆರೆಯ ಕಂಬಳಿ ಕೊಡೋಣವೆಂದು ನಮ್ಮ ಯಜಮಾನರು ಹೇಳುತ್ತಾರೆ.
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಯಜಮಾನರ ಸಲಹೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಾನೂ ಚಿತ್ರದುರ್ಗದ ಕಡೆಯವನು. ಕುರಿಯ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಮಗ್ಗದಲ್ಲಿ ನೇಯ್ದ ಕಂಬಳಿ ಚಳಿಯನ್ನೂ ಸಣ್ಣ ಮಳೆಯನ್ನೂ ತಡೆಯುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ ಸಿಗುವುದು 7 ಕಿಲೋ, ನಿಲ್ದಾಣದಲ್ಲಿ ಒಪ್ಪಿಸಿ ವಿಮಾನದ ಹೊಟ್ಟೆಯ ಒಳಗೆ ಹಾಕುವ ಪೆಟ್ಟಿಗೆಗೆ (ಚೆಕ್-ಇನ್) 15 ಕಿಲೋ ಮಾತ್ರ. ಅದರಲ್ಲಿ ಎರಡು ಕಿಲೋ ಕಂಬಳಿಗೇ ಹೋದರೆ ಅಕ್ಕನವರು ಮನಸ್ಸಿನಲ್ಲೇ ನಿಮ್ಮನ್ನು ಬೈದುಕೊಂಡಾರು. ಕಂಬಳಿಯನ್ನು ಅವರ ಮನೆಗೆಂದು ಕೊಡಿ, ಪ್ರಯಾಣಕ್ಕೆಂದು ಬೇಡ.

ಈ ಪಾಠ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ವಿದೇಶಕ್ಕೆ ಹೊರಟಿದ್ದ ಚಿಕ್ಕಪ್ಪನ ಮಗನಿಗೆ ಜೋಡಿ ಹಿತ್ತಾಳೆ ದೀಪಗಳನ್ನು ಪ್ರೀತಿಯಿಂದ ಕೊಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ ತೂಕ ಮೀರಿದಾಗ ಅವನು ಪೆಟ್ಟಿಗೆ ತೆರೆದು ಮೊದಲು ಹೊರಗೆ ತೆಗೆದದ್ದು ಅವನ್ನೇ. ಟವೆಲ್ಲಿನಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ಮರಳಿ ತಂದ ಆ ದೀಪಗಳು ಈಗಲೂ ನಮ್ಮ ದೇವರ ಮನೆಯಲ್ಲಿವೆ.

ಅಕ್ಕ–ಭಾವನವರಿಗೆ ನನ್ನ ಮೊದಲ ಆಯ್ಕೆ ಸಂಚಿ. ನಮ್ಮ ಅಜ್ಜಿಯರು ಎಲೆ, ಅಡಿಕೆ, ಸುಣ್ಣದ ಡಬ್ಬಿ, ನಾಲ್ಕು ಕಾಸು ಎಲ್ಲವನ್ನೂ ಬೇರೆ ಬೇರೆ ಪದರಗಳಲ್ಲಿಟ್ಟು, ದಾರ ಎಳೆದು ಬಾಯಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಅದೇ ಸಂಚಿ. ಕಾಶಿ ವಿಶ್ವನಾಥನ ಸನ್ನಿಧಿಯೊಳಗೆ ಮೊಬೈಲ್, ಚೀಲಗಳನ್ನು ಬಿಡುವುದಿಲ್ಲವಾದ್ದರಿಂದ, ಹಣ, ಆಧಾರ್ ಕಾರ್ಡ್ ಮತ್ತು ಕೋಣೆಯ ಬೀಗದ ಕೈಯನ್ನು ಮೈಗೆ ಅಂಟಿದಂತೆ ಇಟ್ಟುಕೊಳ್ಳುವ ದಾರಿ ಬೇಕೇ ಬೇಕು. ಗುಳೇದಗುಡ್ಡದ ಖಣದ ಬಟ್ಟೆಯನ್ನು ಹೊರಮೈಗೂ ಮೆತ್ತನೆಯ ಹತ್ತಿ ಬಟ್ಟೆಯನ್ನು ಒಳಮೈಗೂ ಇರಿಸಿ, ಆರು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಮೂರು ಪದರಗಳನ್ನು ಹೊಲಿಸಿದರೆ ಪಾಸ್‌ಪೋರ್ಟೂ ಮಡಚದೆ ಕೂರುತ್ತದೆ. ಕುತ್ತಿಗೆಗೆ ಹಾಕಿಕೊಂಡು ಸೆರಗಿನ ಅಥವಾ ಅಂಗಿಯ ಒಳಗೆ ಬಿಡುವಷ್ಟು ಉದ್ದದ ಲಾಡಿ ಇರಲಿ. ಲಾಡಿಯನ್ನು ಮಾತ್ರ ಒಂಟಿ ಹೊಲಿಗೆಯಲ್ಲಿ ಬಿಡಬಾರದು, ಜನಜಂಗುಳಿಯಲ್ಲಿ ಮೊದಲು ಕಿತ್ತುಬರುವುದು ಅದೇ.

ಡಿಸೆಂಬರ್ ಕೊನೆಯ ಕಾಶಿಯ ಚಳಿ ದಾವಣಗೆರೆಯವರ ಅಂದಾಜಿಗೆ ಸಿಗುವಂಥದ್ದಲ್ಲ. ಬೆಳಗಿನ ದೋಣಿಯಲ್ಲಿ ಗಂಗೆಯ ಮೇಲಿನ ಗಾಳಿ ನೇರವಾಗಿ ಕಿವಿಗೆ ಬಡಿಯುತ್ತದೆ. ಆದ್ದರಿಂದ ದಪ್ಪ ಸ್ವೆಟರಿಗಿಂತ ಬಟ್ಟೆಯೊಳಗೆ ತೊಡುವ ತೆಳ್ಳನೆಯ ಥರ್ಮಲ್ ಉಡುಪಿನ ಒಂದೊಂದು ಜೊತೆ, ಕಿವಿ ಮುಚ್ಚುವ ಕುಲಾವಿ ಮತ್ತು ಉಣ್ಣೆಯ ಕಾಲುಚೀಲ ಕೊಡುವುದು ಜಾಣತನ. ಮಂಜು ಕವಿದಾಗ ಅಲ್ಲಿ ರೈಲು, ವಿಮಾನಗಳೆರಡೂ ತಡವಾಗುವುದುಂಟು. ಕಾಯುವ ಹೊತ್ತಿಗೆ ಒಂದು ಪವರ್ ಬ್ಯಾಂಕ್ ಜೊತೆಗಿದ್ದರೆ ಒಳ್ಳೆಯದು. ಅದನ್ನು ಕೊಳ್ಳುವಾಗ ಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ. ಅಂಗಡಿಯಲ್ಲಿ 10,000 ಎಂಎಎಚ್ ಎಂದು ಮಾರುವುದು ಸುಮಾರು 37 ವ್ಯಾಟ್-ಅವರ್ ಆಗುತ್ತದೆ, 20,000ದ್ದು ಸುಮಾರು 74. ಹಿರಿಯರಿಗೆ ಹಗುರವಾದ ಮೊದಲನೆಯದೇ ಸಾಕು. ಅದು ಕೈಚೀಲದಲ್ಲಿಯೇ ಇರಬೇಕು, ಒಳಗೆ ಹಾಕುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ಮೇಲೆಯೇ ಅಂಟಿಸಿಕೊಡಿ.

ಮಗನ ವಿಷಯದಲ್ಲಿ ತಿನಿಸೇ ಸರಿ, ಆದರೆ ಯಾವ ತಿನಿಸು ಎಂಬಲ್ಲಿ ಎಚ್ಚರ ಬೇಕು. ಹೊರದೇಶದಿಂದ ಬರುವವರು ಹಾಲಿನ ಉತ್ಪನ್ನಗಳನ್ನು ತಮ್ಮೊಡನೆ ತರಲು ಯುರೋಪ್ ಒಕ್ಕೂಟ ಬಿಡುವುದಿಲ್ಲ; ಹಾಗಾಗಿ ಪೇಡ, ಕುಂದ, ಬೆಣ್ಣೆ, ತುಪ್ಪ ಯಾವುದೂ ಬೇಡ. ಹಬ್ಬದಲ್ಲಿ ಮಡಿಲಿಗೆ ಹಾಕುವ ಒಣಕೊಬ್ಬರಿ ಗಿಟುಕನ್ನೂ ವಿಮಾನಕ್ಕೆ ಕಟ್ಟಿಕೊಡಬಾರದು. ಎಣ್ಣೆಯಂಶ ಹೆಚ್ಚಿರುವ ಅದು ಬೇಗ ಹೊತ್ತಿಕೊಳ್ಳುವ ವಸ್ತುವೆಂದು ತಪಾಸಣೆಯವರು ತೆಗೆಸುತ್ತಾರೆ. ನಮ್ಮೂರ ಮಂಡಕ್ಕಿ ಹಗುರವೇನೋ ಹೌದು, ಆದರೆ ಅರ್ಧ ಪೆಟ್ಟಿಗೆಯನ್ನು ಅದೇ ನುಂಗುತ್ತದೆ. ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿಗಳನ್ನು ಕಿಲೋಗಟ್ಟಲೆ ಒಂದೇ ಡಬ್ಬಿಗೆ ತುಂಬದೆ, ಇನ್ನೂರು ಗ್ರಾಂನ ಪೊಟ್ಟಣಗಳಾಗಿ ಎರಡೆರಡು ಪದರದ ಕವರಿನಲ್ಲಿ ಕಟ್ಟಿ, ಒಳಗೆ ಹಾಕುವ ಪೆಟ್ಟಿಗೆಯಲ್ಲಿಡಲು ಹೇಳಿ. ಜೊತೆಗೆ ಪೆಟ್ಟಿಗೆಯ ಹಿಡಿಕೆಗೆ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುವ ಚಿಕ್ಕ ತೂಕದ ಕೊಕ್ಕೆಯೊಂದನ್ನು ಕೊಟ್ಟರೆ, ನಾನು ಹಿತ್ತಾಳೆ ದೀಪದೊಡನೆ ಪಟ್ಟ ಪಾಡು ಅವನಿಗೆ ಬಾರದು.

ಅಚ್ಚರಿಯೆಂದು ಯಾರಿಗೂ ಹೇಳದೆ ರೈಲು ಟಿಕೆಟ್ ತೆಗೆಸಿಕೊಡಲು ಹೋಗಬೇಡಿ. ಈಗ 60 ದಿನ ಮೊದಲಷ್ಟೇ ಮುಂಗಡ ಕಾಯ್ದಿರಿಸಬಹುದು, ದಿನ ಹೊಂದದಿದ್ದರೆ ರದ್ದತಿಯ ಹಣ ದಂಡ.

ಅವರು ಕಾಶಿಯಿಂದ ಮರಳಿದ ಮೇಲೆ ಕೊಡಲು ಇನ್ನೊಂದು ಉಡುಗೊರೆಯನ್ನು ಉಳಿಸಿಕೊಳ್ಳಬಹುದು. ಅಂಚೆ ಇಲಾಖೆಯ ‘ಮೈ ಸ್ಟಾಂಪ್’ ಯೋಜನೆಯಲ್ಲಿ ನಾವು ಕೊಟ್ಟ ಭಾವಚಿತ್ರವನ್ನು 12 ಅಂಚೆಚೀಟಿಗಳ ಹಾಳೆಯಾಗಿ ಮುದ್ರಿಸಿಕೊಡುತ್ತಾರೆ. ಘಾಟಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತ ಚಿತ್ರವನ್ನು ಮಗನಿಂದಲೇ ಸದ್ದಿಲ್ಲದೆ ತರಿಸಿಕೊಂಡರೆ ಕೆಲಸ ಮುಗಿಯಿತು. ಸಂಚಿಯ ಬಟ್ಟೆಯನ್ನು ಮಾತ್ರ ಈ ವಾರವೇ ಟೈಲರಿಗೆ ಒಪ್ಪಿಸಿಬಿಡಿ. ಹಬ್ಬ ಹದಿನೈದು ದಿನವಿರುವಾಗ ಅವರು ರವಿಕೆಗಳನ್ನು ಬಿಟ್ಟು ಬೇರೇನನ್ನೂ ಕೈಗೆತ್ತಿಕೊಳ್ಳುವುದಿಲ್ಲ.