ಮೀನು ತೋರಿಸುವ ಡಬ್ಬಿ ತಗೊಳ್ಳಬಹುದಾ?

ಪ್ರಶ್ನೆ: ನನ್ನದು 20 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಮಲ್ಪೆಯಿಂದ ಕಾಪು ಕಡೆಗೆ, ಹೆಚ್ಚೆಂದರೆ 15 ಮಾರು (ಒಂದು ಮಾರು ಅಂದರೆ ಆರು ಅಡಿ) ನೀರಿನ ತನಕ ಹೋಗುತ್ತೇನೆ. ಬಲೆಯೂ ಇದೆ, ಗಾಳವೂ ಇದೆ. ಫಿಶ್ ಫೈಂಡರ್ ಹಾಕಬೇಕು ಅಂತ ಆಸೆ, ಆದರೆ 20 ಸಾವಿರಕ್ಕಿಂತ ಜಾಸ್ತಿ ಸುರಿಯಲು ಆಗುವುದಿಲ್ಲ. ಅಂಗಡಿಯವರು 7 ಇಂಚಿನ ಸ್ಕ್ರೀನ್ ತಗೊಳ್ಳಿ, ಅದರಲ್ಲಿ ಎಡಬಲದ ನೀರೂ ಕಾಣುತ್ತದೆ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮಾರಾಯ್ರೆ, ಮೊದಲು ಆ ಹೆಸರನ್ನು ನಂಬಬೇಡಿ. ಫಿಶ್ ಫೈಂಡರ್ ಮೀನು ಹುಡುಕಿಕೊಡುವುದಿಲ್ಲ, ನಿಮ್ಮ ದೋಣಿಯ ಅಡಿಯಲ್ಲಿ ಏನಿದೆ ಅಂತ ಹೇಳುತ್ತದೆ ಅಷ್ಟೇ. ಅದು ನೀರಿನೊಳಕ್ಕೆ ಸದ್ದು ಬಿಟ್ಟು, ಬಡಿದು ವಾಪಸ್ ಬಂದದ್ದನ್ನು ಸ್ಕ್ರೀನಿನಲ್ಲಿ ತೋರಿಸುತ್ತದೆ. 200 ಕಿಲೋಹರ್ಟ್ಸ್‌ನ ಸದ್ದು ಸಾಮಾನ್ಯವಾಗಿ 20 ಡಿಗ್ರಿಯಷ್ಟು ಅಗಲಕ್ಕೆ ಹರಡುತ್ತದೆ. 10 ಮಾರು ನೀರಲ್ಲಿ ಅದು ತಳ ಮುಟ್ಟುವಾಗ ಆರು ಮೀಟರ್ ಚಿಲ್ಲರೆ ಅಗಲದ ಒಂದು ವೃತ್ತ, ಅಂದರೆ ಸುಮಾರು ನಿಮ್ಮ ದೋಣಿಯ ಉದ್ದದಷ್ಟು. ಅದರಾಚೆ ಬೂತಾಯಿಯ ದೊಡ್ಡ ಹಿಂಡೇ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಯಾಕೆ ಬೇಕು? ತಳಕ್ಕೆ. ತಳ ಗಟ್ಟಿಯಾಗಿದ್ದರೆ ಸ್ಕ್ರೀನಿನಲ್ಲಿ ಗೆರೆ ಹೊಳೆಯುತ್ತದೆ. ಆರು ಮಾರಿನಲ್ಲಿ ಕಲ್ಲಿದ್ದರೆ ಹನ್ನೆರಡರ ಹತ್ತಿರ ಅದರದ್ದೇ ಇನ್ನೊಂದು ಮಸುಕು ಗೆರೆ ಬರುತ್ತದೆ, ಸದ್ದು ಮೇಲೆ ಬಂದು ನೀರಿಗೆ ಬಡಿದು ಮತ್ತೊಮ್ಮೆ ಕೆಳಗೆ ಹೋಗಿ ಬಂದದ್ದು ಅದು. ಕೆಸರಾದರೆ ಗೆರೆ ಮಂಕು, ಎರಡನೇ ಗೆರೆ ಕಾಣುವುದೇ ಕಷ್ಟ. ಕಲ್ಲಿನ ಸಂದಿಯಲ್ಲಿರುವ ಮುರು ಮೀನು ಹಿಡಿಯುವವನಿಗೆ ಕಲ್ಲು ಎಲ್ಲಿದೆ ಅಂತ ಗೊತ್ತಾದರೆ ಸಾಕಲ್ವಾ? ಬಲೆ ಹಾಕುವವನಿಗೂ ಅದೇ ಬೇಕು, ಕಲ್ಲಿಗೆ ಸಿಕ್ಕಿ ಹರಿದ ಬಲೆ ಹೆಣೆಯುತ್ತಾ ಕೂರುವುದು ಯಾರಿಗೆ ಬೇಕು ಹೇಳಿ.

ಎರಡನೆಯದು ಜಿಪಿಎಸ್. ನಮ್ಮ ಹಿರಿಯರು ಕಾಪು ದೀಪಸ್ತಂಭ ಯಾವುದೋ ತೆಂಗಿನ ತಲೆಗೆ ಸರಿಯಾಗಿ ಬಂದಾಗ, ಇನ್ನೊಂದು ಕಡೆ ಗುಡ್ಡವೋ ಗೋಪುರವೋ ಸಾಲಿಗೆ ಬಂದಾಗ, ‘ಇಲ್ಲೇ ಕಲ್ಲು’ ಅನ್ನುತ್ತಿದ್ದರು. ಮಂಜು ಕವಿದರೆ ಆ ಲೆಕ್ಕ ಮುಗಿಯಿತು. ಜಿಪಿಎಸ್ ಇದ್ದರೆ ಒಂದು ಗುಂಡಿ ಒತ್ತಿ ಜಾಗ ಗುರುತು ಮಾಡಿ ಇಡಬಹುದು. ಹಾಗಾಗಿ ಜಿಪಿಎಸ್ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ.

ನನ್ನನ್ನು ಕೇಳಿದರೆ ಗಾರ್ಮಿನ್ ಸ್ಟ್ರೈಕರ್ 4 ತರದ್ದು ನಿಮಗೆ ಧಾರಾಳ. ಸ್ಕ್ರೀನ್ 3.5 ಇಂಚು, ಚಿಕ್ಕದೇ. ಚಿರ್ಪ್ ಇದೆ, ಅಂದರೆ ಒಂದೇ ಸ್ವರದ ಬದಲು ಹಲವು ಸ್ವರ ಬಿಡುತ್ತದೆ, ಹತ್ತಿರ ಹತ್ತಿರ ಇರುವ ಎರಡು ಮೀನು ಬೇರೆ ಬೇರೆಯಾಗಿ ಕಾಣುತ್ತವೆ. ಜಿಪಿಎಸ್ ಇದೆ, ಆದರೆ ನಕ್ಷೆ ಇಲ್ಲ, ಗುರುತು ಮಾತ್ರ. ಎಡಬಲ ತೋರಿಸುವ 7 ಇಂಚಿನದ್ದನ್ನು ಸದ್ಯಕ್ಕೆ ಮರೆತುಬಿಡಿ, ಅದು ನಿಮ್ಮ ದುಡ್ಡಿಗೆ ಬರುವುದೂ ಇಲ್ಲ. ಕೊಳ್ಳುವಾಗ ಒಂದು ಎಚ್ಚರ: ಪೆಟ್ಟಿಗೆಯೊಳಗೆ ಟ್ರಾನ್ಸ್‌ಡ್ಯೂಸರ್, ಅಂದರೆ ಸದ್ದು ಬಿಟ್ಟು ವಾಪಸ್ ಕೇಳುವ ತುಂಡು, ಇದೆಯಾ ನೋಡಿ. ಕೆಲವು ಕಡೆ ಬರೀ ಸ್ಕ್ರೀನ್ ಮಾರುತ್ತಾರೆ, ಬೆಲೆ ಕಡಿಮೆ ಕಂಡು ಖುಷಿಪಟ್ಟು ಮನೆಗೆ ತಂದ ಮೇಲೆ ನೀರಿಗೆ ಬಿಡುವ ತುಂಡೇ ಇರುವುದಿಲ್ಲ.

ಇನ್ನು ಕೂರಿಸುವುದು. ಇದರಲ್ಲಿ ನಾನೇ ಪೆಟ್ಟು ತಿಂದವನು. ಜಾಗ ಹತ್ತಿರ ಅಂತ ಪ್ರೊಪೆಲ್ಲರ್‌ನಿಂದ ಒಂದು ಗೇಣು ದೂರದಲ್ಲಿ ಟ್ರಾನ್ಸ್‌ಡ್ಯೂಸರ್ ಬಿಗಿದೆ. ದೋಣಿ ನಿಂತಾಗ ಚಿತ್ರ ಕನ್ನಡಿಯ ಹಾಗೆ, ಇಂಜಿನ್ ಜೋರು ಮಾಡಿದ ಕೂಡಲೇ ಸ್ಕ್ರೀನ್ ತುಂಬ ರವೆ ಚೆಲ್ಲಿದ ಹಾಗೆ. ಒಂದು ಸೀಸನ್ ಪೂರ್ತಿ ಮೆಷಿನಿಗೆ ಬೈದೆ. ತಪ್ಪು ಗುಳ್ಳೆಗಳದ್ದು, ಸದ್ದು ಗಾಳಿಯ ಗುಳ್ಳೆ ದಾಟುವುದಿಲ್ಲ. ಪ್ರೊಪೆಲ್ಲರ್‌ನಿಂದ ಒಂದೂಕಾಲು ಅಡಿಯಾದರೂ ದೂರ ಇಡಿ, ದೋಣಿಯ ತಳಕ್ಕಿಂತ ತುಸು ಕೆಳಗೆ ಇರಲಿ. ಹೊರಗೆ ತೂತು ಕೊರೆಯಲು ಮನಸ್ಸಿಲ್ಲದಿದ್ದರೆ ಫೈಬರ್ ದೋಣಿಯ ಒಳಗೇ ಎಪಾಕ್ಸಿ ಹಾಕಿ ಅಂಟಿಸಬಹುದು, ಆದರೆ ಆ ಜಾಗದಲ್ಲಿ ಫೋಮ್ ಅಥವಾ ಪ್ಲೈವುಡ್ ಇರಬಾರದು. ಅಂಟಿಸುವ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರ್ ಅದರೊಳಗೆ ಇಟ್ಟು, ಚೀಲವನ್ನು ಒದ್ದೆ ತಳಕ್ಕೆ ಒತ್ತಿ ನೋಡಿ. ಆಳ ಸರಿ ಬಂದರೆ ಅಂಟಿಸಿ.

ಬ್ಯಾಟರಿಗೆ 12 ವೋಲ್ಟ್, 7 ಆಂಪಿಯರ್ ಅವರ್‌ನದ್ದು ಸಾಕು. ಅರ್ಧ ಆಂಪಿಯರ್ ಎಳೆದರೂ ಹತ್ತು ಗಂಟೆಗೆ ಐದೇ ಆಯಿತು. ಫ್ಯೂಸ್ ಮಾತ್ರ ಬಿಡಬೇಡಿ. ಅಳತೆಯನ್ನು ಫ್ಯಾದಮ್‌ಗೆ ಇಡಿ, ಅದು ನಮ್ಮ ಮಾರೇ. ಮೀಟರಿನಲ್ಲಿ ಇಟ್ಟರೆ ಲೆಕ್ಕ ಹಾಕುತ್ತಾ ಹಾಕುತ್ತಾ ಮೀನು ಕುಂದಾಪುರ ಮುಟ್ಟಿರುತ್ತದೆ.

ಪ್ರಶ್ನೆ: ಫಿಶ್ ಫೈಂಡರ್ ಹಾಕಿ ಎರಡು ತಿಂಗಳಾಯಿತು. ಸ್ಕ್ರೀನ್ ತುಂಬ ಮೀನಿನ ಚಿತ್ರ, ಬಲೆಯಲ್ಲಿ ಏನೂ ಇಲ್ಲ. ಅಳಿವೆ ಬಾಗಿಲಲ್ಲಂತೂ ಮೀನಿನ ಜಾತ್ರೆ!
– ಓದುಗರೊಬ್ಬರು, ಬೆಂಗ್ರೆ

ಉತ್ತರ: ಆ ಮೀನಿನ ಚಿತ್ರ ಬಿಡಿಸುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ಇವತ್ತೇ ಆಫ್ ಮಾಡಿ. ನೇತ್ರಾವತಿ, ಗುರುಪುರ ಎರಡೂ ಹೊಳೆ ಸೇರುವ ಅಳಿವೆಯಲ್ಲಿ ಕಸ, ಎಲೆ, ಗುಳ್ಳೆ ಎಲ್ಲವೂ ತೇಲುತ್ತವೆ, ಮೆಷಿನ್ ಎಲ್ಲದಕ್ಕೂ ಬಾಲ ಅಂಟಿಸಿ ಮೀನು ಅನ್ನುತ್ತದೆ. ಆಫ್ ಮಾಡಿದ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆ ನೋಡಲು ಕಲಿಯಿರಿ. ದೋಣಿ ಮೀನಿನ ಮೇಲೆ ಹಾದುಹೋಗುವಾಗ ಅದು ಮೊದಲು ದೂರ, ಆಮೇಲೆ ಹತ್ತಿರ, ಮತ್ತೆ ದೂರ, ಅದಕ್ಕೇ ಬಿಲ್ಲು. ಲಂಗರು ಹಾಕಿದ್ದಾಗ ಬಿಲ್ಲು ಬರುವುದಿಲ್ಲ, ಮೀನು ಅಲ್ಲೇ ನಿಂತಿದ್ದರೆ ಉದ್ದ ಗೆರೆ ಬರುತ್ತದೆ. ಸ್ಕ್ರೀನಿನ ಬಲ ಅಂಚು ಮಾತ್ರ ಈಗಿನದ್ದು, ಎಡಕ್ಕೆ ಸರಿದದ್ದೆಲ್ಲ ಹಳೆಯದು ಅಂತ ನೆನಪಿರಲಿ, ಎಡಗಡೆ ಕಂಡ ಹಿಂಡಿಗೆ ಈಗ ಬಲೆ ಬಿಡುವವರು ತುಂಬ ಜನ ಇದ್ದಾರೆ.

ಇನ್ನೊಂದು, ಸದ್ದು ಚೆನ್ನಾಗಿ ವಾಪಸ್ ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿ ಚೀಲದಿಂದ. ಬೂತಾಯಿಗೆ ಅದು ಇದೆ, ಹಿಂಡು ಮೋಡದ ಹಾಗೆ ಕಾಣುತ್ತದೆ. ನಂಗು ಅನ್ನುವ ಚಪ್ಪಟೆ ಮೀನಿಗೆ ಅದೂ ಇಲ್ಲ, ಮೇಲಾಗಿ ಮರಳಿಗೆ ಅಂಟಿಕೊಂಡೇ ಮಲಗುತ್ತದೆ. ನೀವು ಹಿಡಿಯುವುದು ನಂಗು ಆದರೆ ಸ್ಕ್ರೀನ್ ನೋಡಬೇಡಿ, ಮರಳು ಎಲ್ಲಿದೆ ಅಂತ ಮಾತ್ರ ನೋಡಿ.