ಈಗಾಗಲೇ ಮೀನಿರುವ ಉಪ್ಪುನೀರಿನ ಅಕ್ವೇರಿಯಂಗೆ ಸಂಪ್ ಸೇರಿಸಬಹುದೇ?

ಸೇರಿಸಬಹುದು. ಇಲ್ಲಿ ಸಂಪ್ ಅಂದರೆ ಅಂಗಳದ್ದಲ್ಲ, ಅಕ್ವೇರಿಯಂ ಕೆಳಗಿಡುವ ಎರಡನೇ ತೊಟ್ಟಿ. ನೀರು ತುಂಬಿದ ಗಾಜಿಗೆ ತೂತು ಕೊರೆಯಬೇಡಿ. ಅಂಚಿಗೆ ನೇತುಹಾಕುವ ಓವರ್‌ಫ್ಲೋ ಬಾಕ್ಸ್ ಸಾಕು. ಅದು ಸೈಫನ್‌ನಿಂದ, ಅಂದರೆ ನೀರು ತುಂಬಿದ ಬಾಗಿದ ಕೊಳವೆ ಅಂಚು ದಾಟಿಸಿ ತಾನಾಗೇ ನೀರೆಳೆಯುವ ರೀತಿಯಲ್ಲಿ, ಸಂಪ್‌ಗೆ ನೀರು ಇಳಿಸುತ್ತದೆ; ಪಂಪ್ ಅದನ್ನು ರಿಟರ್ನ್ ಪೈಪ್‌ನಲ್ಲಿ ಮೇಲೆ ಕಳಿಸುತ್ತದೆ.

ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಕರೆಂಟ್ ಹೋಗ್ತಾನೇ ಇರುತ್ತದೆ, ಅಲ್ವಾ? ಆಗ ರಿಟರ್ನ್ ಪೈಪ್ ಉಲ್ಟಾ ನೀರೆಳೆಯುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 3 ಸೆಂ.ಮೀ. ಇಳಿದರೂ ಸುಮಾರು 12 ಲೀಟರ್ ಕೆಳಗೆ ಬರುತ್ತದೆ. ಸಂಪ್‌ನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ರಿಟರ್ನ್ ಪೈಪಿಗೆ ಮೇಲಿನ ತೊಟ್ಟಿಯ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಸಣ್ಣ ತೂತು ಮಾಡಿ. ಗಾಳಿ ಹೊಕ್ಕು ಸೈಫನ್ ಕಡಿಯುತ್ತದೆ. ನನ್ನಲ್ಲಿ ಒಮ್ಮೆ ಆ ತೂತಿಗೆ ಪಾಚಿ ಕಟ್ಟಿ, ಬೆಳಿಗ್ಗೆ ನೆಲವೆಲ್ಲ ಉಪ್ಪುನೀರು. ಈಗ ವಾರವಾರ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ.

ಕರೆಂಟ್ ಬಂದಾಗ ಬಾಕ್ಸ್‌ನ ಸೈಫನ್ ಹಿಡಿಯದಿದ್ದರೆ ಮೇಲಿನ ತೊಟ್ಟಿ ಉಕ್ಕುತ್ತದೆ. ಅದಕ್ಕೇ ಸಂಪ್‌ನಲ್ಲಿ ಪಂಪ್ ಇರುವ ಖಾನೆ ಚಿಕ್ಕದಿರಲಿ, ತೊಟ್ಟಿ ಉಕ್ಕುವ ಮೊದಲೇ ಅಲ್ಲಿ ನೀರು ಮುಗಿಯಬೇಕು. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಹಾಕಿ, ಉಪ್ಪುನೀರು ಹಾಕಿದರೆ ಉಪ್ಪು ಜಾಸ್ತಿಯಾಗುತ್ತದೆ.

ಜೋಡಿಸಿದ ಮೇಲೆ ನೀವು ಮನೆಯಲ್ಲಿರುವಾಗಲೇ ಎರಡು ಮೂರು ಸಲ ಪ್ಲಗ್ ಕಿತ್ತು ನೋಡಿ.