ಬಿಗಿ ಹಿಡಿದರೆ ಗುರಿ ತಪ್ಪುತ್ತದೆ

ಏರ್‌ಗನ್ ಹವ್ಯಾಸದ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳನ್ನೆಲ್ಲ ಒಂದೇ ಸಂಜೆ ಕೂತು ಓದಿದೆ. ಇಪ್ಪತ್ತೆರಡು ವರ್ಷದಿಂದ ಕಾಗದದ ಗುರಿಗೂ ಖಾಲಿ ಡಬ್ಬಿಗೂ ಹೊಡೆಯುತ್ತಾ ಬಂದವಳು ನಾನು. ಮೊದಲನೇ ಪತ್ರ ಓದುವಾಗ ನನ್ನ ಮೊದಲ ವರ್ಷವೇ ನೆನಪಾಯಿತು. ಹಾಗಾಗಿ ಅದಕ್ಕೆ ಸ್ವಲ್ಪ ಉದ್ದದ ಉತ್ತರ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಳಿಗೆ ಮಡಚಿ ಗುಂಡು ತುಂಬುವ ಸ್ಪ್ರಿಂಗ್ ಏರ್ ರೈಫಲ್ ತಗೊಂಡು ಎರಡು ತಿಂಗಳಾಯಿತು. ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ಬಂದೂಕನ್ನು ಗಟ್ಟಿಯಾಗಿ ಒತ್ತಿ ಹಿಡಿದು ಹೊಡೆಯುತ್ತೇನೆ. ಆದರೂ 10 ಮೀಟರ್‌ನಲ್ಲಿ ಐದು ಗುಂಡು ಅಂಗೈ ಅಗಲಕ್ಕೆ ಚದುರುತ್ತವೆ. ನಿಂತು ಹೊಡೆದಾಗಲೇ ಇದಕ್ಕಿಂತ ವಾಸಿ. ಬಂದೂಕಿನಲ್ಲೇ ದೋಷ ಇದೆಯಾ?

ಉತ್ತರ: ಬಂದೂಕನ್ನು ಬೈಯುವ ಮೊದಲು ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. "ಗಟ್ಟಿಯಾಗಿ ಒತ್ತಿ ಹಿಡಿದು" ಅಂದಿದ್ದೀರಿ. ನಿಂತು ಹೊಡೆದರೆ ವಾಸಿ ಅಂತಲೂ ಅಂದಿದ್ದೀರಿ. ಉತ್ತರ ಅರ್ಧ ಅಲ್ಲೇ ಇದೆ.

ಒಳಗೆ ಏನಾಗುತ್ತದೆ ನೋಡಿ. ನಳಿಗೆ ಮಡಚಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಪಿಸ್ಟನ್ ಹಿಂದೆ ಸರಿದು ಒಂದು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಅದುಮುತ್ತದೆ. ಆ ಗಾಳಿ ಪೆಲೆಟ್ಟನ್ನು, ಅಂದರೆ ಏರ್‌ಗನ್ನಿನ ಪುಟ್ಟ ಗುಂಡನ್ನು, ತಳ್ಳುತ್ತದೆ. ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ ಅಷ್ಟೇ. ಪಿಸ್ಟನ್ ಅದರ ನೂರಾರು ಪಟ್ಟು ಭಾರ. ಅಷ್ಟು ಭಾರದ್ದು ಮುಂದಕ್ಕೆ ಓಡಿದರೆ ಬಂದೂಕು ಹಿಂದಕ್ಕೆ ಸರಿಯಲೇಬೇಕಲ್ವಾ? ಮರುಕ್ಷಣವೇ ಪಿಸ್ಟನ್ ಅದುಮಿದ ಗಾಳಿಗೆ ತಾಗಿ ಗಕ್ಕನೆ ನಿಲ್ಲುತ್ತದೆ. ಆಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಈ ಹಿಂದೆ ಮುಂದೆ ಓಲಾಟ ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ.

ಅಂದರೆ ಸ್ಪ್ರಿಂಗ್ ರೈಫಲ್ ಪ್ರತಿ ಸಲವೂ ಅಲುಗಾಡಿಯೇ ಗುಂಡನ್ನು ಕಳಿಸುತ್ತದೆ. ಅದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಪ್ರತಿ ಸಲ ಒಂದೇ ರೀತಿ ಅಲುಗಾಡುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಬಿಗಿಯಾಗಿ ಹಿಡಿದರೆ ಅದು ಆಗದ ಮಾತು. ಒಂದು ಸಲ ಇಷ್ಟು ಬಲ ಹಾಕುತ್ತೀರಿ, ಇನ್ನೊಂದು ಸಲ ಸ್ವಲ್ಪ ಕಮ್ಮಿ. ಬಂದೂಕು ಒಮ್ಮೆ ಎಡಕ್ಕೆ ತಿರುಗುತ್ತದೆ, ಒಮ್ಮೆ ಮೇಲಕ್ಕೆ. ಗಟ್ಟಿ ಮರಳಿನ ಚೀಲವೂ ಅಷ್ಟೇ, ಬಂದೂಕನ್ನು ಪುಟಿಸುತ್ತದೆ.

ಹೀಗೆ ಮಾಡಿ ನೋಡಿ. ಮರಳಿನ ಚೀಲದ ಮೇಲೆ ಬಂದೂಕನ್ನು ಇಡಬೇಡಿ, ನಿಮ್ಮ ಎಡ ಅಂಗೈ ಇಡಿ. ತೆರೆದ ಅಂಗೈ, ಬೆರಳು ಮಡಚಬಾರದು. ಅದರ ಮೇಲೆ ರೈಫಲ್ ಸುಮ್ನೆ ಕೂತಿರಲಿ. ಟ್ರಿಗರ್ ಕೈ ಹಿಡಿಯನ್ನು ಹಗುರವಾಗಿ ಮುಟ್ಟಿದ್ದರೆ ಸಾಕು. ಭುಜಕ್ಕೆ ಎಳೆದುಕೊಳ್ಳಬೇಡಿ, ತಾಗಿಸಿ ಅಷ್ಟೇ. ಟ್ರಿಗರ್ ಎಳೆದಾಗ ಬಂದೂಕು ಎಷ್ಟು ಬೇಕೋ ಅಷ್ಟು ಸರಿಯಲಿ, ಬಿಟ್ಟುಬಿಡಿ. ಹಳೇ ಫಿರಂಗಿಗಳು ಹಾರಿದಾಗ ಚಕ್ರದ ಮೇಲೆ ಹಿಂದಕ್ಕೆ ಉರುಳುತ್ತಿದ್ದವಲ್ಲ, ಅದೇ ಥರ. ಅದಕ್ಕೇ ಇದಕ್ಕೆ 'ಆರ್ಟಿಲರಿ ಹೋಲ್ಡ್' ಅಂತ ಹೆಸರು. ಅಂಗೈಯನ್ನು ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಹತ್ತಿರ ಇಟ್ಟು ಐದು ಗುಂಡು ಹೊಡೆಯಿರಿ. ಆಮೇಲೆ ಎರಡು ಬೆರಳಿನಷ್ಟು ಮುಂದೆ ಸರಿಸಿ ಇನ್ನೈದು. ಹೀಗೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತೂತುಗಳು ಒತ್ತಟ್ಟಿಗೆ ಬರುತ್ತವೆ. ಆ ಜಾಗಕ್ಕೆ ಸೀಸದ ಕಡ್ಡಿಯಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ನಳಿಗೆಯ ಭಾಗವನ್ನು ಬಂದೂಕಿನ ಮರದ ಭಾಗಕ್ಕೆ ಬಿಗಿಯುವ ತಿರುಪುಗಳನ್ನು ಈಗಲೇ ನೋಡಿ. ನನ್ನ ಮೊದಲ ವರ್ಷ, ಎರಡು ವಾರ ದಿನಾ ಸಂಜೆ ಹೊಡೆದೆ. ಒಂದು ಗುಂಡು ನಡುವಿಗೆ, ಮುಂದಿನದು ಎಲ್ಲೋ. ಗುರಿ ನೋಡುವ ಸೈಟ್ ತಿರುಗಿಸಿದೆ, ಪೆಲೆಟ್ ಬದಲಾಯಿಸಿದೆ, ರಾತ್ರಿ ನಿದ್ದೆಯೂ ಬರಲಿಲ್ಲ. ಕೊನೆಗೆ ಅಪ್ಪ ರೈಫಲ್ ಎತ್ತಿ ನಳಿಗೆಯನ್ನೂ ಮರವನ್ನೂ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂತು. ಮುಂದಿನ ಎರಡು ತಿರುಪು ಅರ್ಧ ಸುತ್ತು ಸಡಿಲವಾಗಿದ್ದವು. ಆ ಓಲಾಟಕ್ಕೆ ತಿರುಪು ಸಡಿಲವಾಗುವುದು ಸಹಜ. ಅವತ್ತಿನಿಂದ ಪ್ರತಿ ಸಲ ಶುರು ಮಾಡುವ ಮೊದಲು ತಿರುಪು ಮುಟ್ಟಿ ನೋಡುತ್ತೇನೆ.

ಪ್ರಶ್ನೆ: ಹೊಸ ರೈಫಲ್. ಮೊದಲ ಕೆಲವು ಗುಂಡಿಗೆ ಹೊಗೆ ಬಂತು, ಸುಟ್ಟ ವಾಸನೆ, ಪಟಾಕಿ ಥರ ಸದ್ದು. ಹೆದರಿಕೆ ಆಯಿತು.

ಉತ್ತರ: ಕಾರ್ಖಾನೆಯಲ್ಲಿ ಹಾಕಿದ ಎಣ್ಣೆ ಸಿಲಿಂಡರಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಗಾಳಿಯನ್ನು ದಿಢೀರನೆ ಅದುಮಿದರೆ ಅದು ಕಾಯುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಓಡುವುದೂ ಹೀಗೇ. ಕೆಲವು ಗುಂಡು ಹಾರಿದ ಮೇಲೆ ತಾನಾಗಿ ನಿಲ್ಲುತ್ತದೆ. ಆದರೆ ಗಾಳಿ ಹೊರಬರುವ ತೂತಿಗೆ ನೀವೇ ಎಣ್ಣೆ ಬಿಡಬೇಡಿ. ಸೀಲ್, ಸ್ಪ್ರಿಂಗ್ ಎರಡೂ ಹಾಳಾಗುತ್ತವೆ. ಹಾಗೆಯೇ ಪೆಲೆಟ್ ಇಲ್ಲದೆ ಖಾಲಿ ಹಾರಿಸಲೂಬೇಡಿ. ಪೆಲೆಟ್ ಇದ್ದರೆ ಗಾಳಿ ತಡೆದು ನಿಂತು ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಇಲ್ಲದಿದ್ದರೆ ಪಿಸ್ಟನ್ ಹೋಗಿ ಕಬ್ಬಿಣಕ್ಕೇ ಬಡಿಯುತ್ತದೆ.

ಪ್ರಶ್ನೆ: ನನಗೆ ಹದಿನೇಳು. ನನ್ನ ಗೆಳೆಯನ ರೈಫಲ್ ಸೆಕೆಂಡಿಗೆ 1000 ಅಡಿ ಅಂತ ಡಬ್ಬಿ ಮೇಲೆ ಬರೆದಿದೆ. ನನ್ನದು ಬರೀ 600. ಅವನದೇ ಒಳ್ಳೆಯದಾ? ಮತ್ತೆ, ಕಾಗದಕ್ಕೆ ಹೊಡೆದು ಬೇಜಾರಾಗಿದೆ. ಕಾಗೆ, ಅಳಿಲಿಗೆ ಹೊಡೆದು ಅಭ್ಯಾಸ ಮಾಡಬಹುದಾ?

ಉತ್ತರ: ತಮ್ಮಾ, ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಬೇಡ. ಪೆಲೆಟ್ ತಾಗಿದ ಹಕ್ಕಿ ಎಷ್ಟೋ ಸಲ ಅಲ್ಲೇ ಸಾಯುವುದಿಲ್ಲ. ರೆಕ್ಕೆ ಮುರಿದುಕೊಂಡು ಯಾವುದೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ. ಅಂಥ ಒಂದು ಮೈನಾ ಹಕ್ಕಿಯನ್ನು ಮೂರು ದಿನ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನೋಡಿಕೊಂಡಿದ್ದೇನೆ. ಉಳಿಯಲಿಲ್ಲ. ಅಭ್ಯಾಸ ಅನ್ನುವ ಮಾತು ಅದಕ್ಕೆ ಸಲ್ಲುವುದಿಲ್ಲ ಕಣಪ್ಪಾ.

ಈಗ ವೇಗದ ವಿಷಯ. ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆ ಶುರುವಾದದ್ದು 1984ರಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ 0.5 ಮಿಲಿಮೀಟರ್. ಪೆಲೆಟ್ಟಿನ ಅಗಲ 4.5 ಮಿಲಿಮೀಟರ್. ಚುಕ್ಕಿಗಿಂತ ಗುಂಡೇ ಒಂಬತ್ತು ಪಟ್ಟು ದೊಡ್ಡದು, ಯೋಚನೆ ಮಾಡು! 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಮೊದಲು ಇನ್ನೊಬ್ಬರ ಜೊತೆ ಸರಿಸಮ ಇದ್ದರು. ಆ ಕೊನೆಯ ಗುಂಡಿಗೆ 10.8 ಬಂತು. ಒಂದು ಗುಂಡಿಗೆ ಸಿಗುವ ಗರಿಷ್ಠ ಅಂಕವೇ 10.9. ಅಂಥ ಸ್ಪರ್ಧೆಯ ರೈಫಲ್‌ಗಳಿಂದ ಪೆಲೆಟ್ ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ. ಅಡಿ ಲೆಕ್ಕದಲ್ಲಿ 560ರ ಆಸುಪಾಸು. ನಿನ್ನದಕ್ಕಿಂತ ಕಮ್ಮಿಯೇ.

ಡಬ್ಬಿ ಮೇಲಿನ ದೊಡ್ಡ ಸಂಖ್ಯೆ ಬರುವುದು ಎಷ್ಟೋ ಸಲ ತೀರಾ ಹಗುರವಾದ ಮಿಶ್ರಲೋಹದ ಪೆಲೆಟ್ ಹಾಕಿ ಅಳೆದಾಗ. ಜಾಸ್ತಿ ವೇಗಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು. ಗಟ್ಟಿ ಸ್ಪ್ರಿಂಗ್ ಅಂದರೆ ಮಡಚಲು ಕಷ್ಟ, ಓಲಾಟ ಜಾಸ್ತಿ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೊಂಟ ಸಣ್ಣಗಿರುವ ನಮ್ಮ ಪೆಲೆಟ್ ಆ ವೇಗದ ಹತ್ತಿರ ಹೋದರೆ ಗಾಳಿಯಲ್ಲಿ ತೂರಾಡುತ್ತದೆ. ನಿನ್ನ 600 ಅಡಿಯ ರೈಫಲ್ ಕಾಗದಕ್ಕೆ ಹೇಳಿ ಮಾಡಿಸಿದ್ದು. ಬೇಜಾರಾಗಿದ್ದರೆ ಚಪ್ಪಟೆ ತಲೆಯ ಪೆಲೆಟ್ ತಗೋ. ಅದು ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡಗೆ ತೂತು ಮಾಡುತ್ತದೆ, ಅಂಕ ಎಣಿಸಲು ಖುಷಿಯಾಗುತ್ತದೆ. ಬೆಂಕಿಕಡ್ಡಿಯನ್ನು ನಿಲ್ಲಿಸಿ ಅದರ ತಲೆಗೆ ಗುರಿ ಇಡು. ಆಮೇಲೆ ಬೇಜಾರು ಉಳಿದಿದೆಯಾ ಅಂತ ಬರೆ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ಡಬ್ಬಿಗೆ ಗುರಿಯಿಡುವುದನ್ನು ಕಲಿಯಬೇಕು ಅನ್ನುತ್ತಿದ್ದಾಳೆ. ಒಬ್ಬ ತಾಯಿಯಾಗಿ ಭಯ. ಕಲಿಸಬಹುದಾ?

ಉತ್ತರ: ನಿಮ್ಮ ಭಯ ಒಳ್ಳೆಯದೇ, ಅದನ್ನು ಬಿಡಬೇಡಿ. ಮೊದಲು ನಿಮ್ಮ ಕಡೆಯ ಕಾನೂನು ವಯಸ್ಸಿನ ಬಗ್ಗೆ, ಜಾಗದ ಬಗ್ಗೆ ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ. ಅಡ್ಡಿ ಇಲ್ಲದಿದ್ದರೆ ಕಲಿಸಿ, ಆದರೆ ಪ್ರತಿ ಗುಂಡಿಗೂ ದೊಡ್ಡವರು ಒಬ್ಬರು ಪಕ್ಕದಲ್ಲೇ ಇರಬೇಕು. 'ಸ್ವಲ್ಪ ಬಂದೆ' ಅಂತ ಒಳಗೆ ಹೋಗುವ ಹಾಗಿಲ್ಲ.

ಬಂದೂಕಿಗಿಂತ ಮೊದಲು ಕನ್ನಡಕ ತನ್ನಿ. ಗಟ್ಟಿ ಪ್ಲಾಸ್ಟಿಕ್ಕಿನ, ಪಕ್ಕಗಳೂ ಮುಚ್ಚುವಂಥದ್ದು, ನೋಡುತ್ತಾ ನಿಲ್ಲುವವರಿಗೂ ಒಂದೊಂದು. ಉಕ್ಕಿನ ದುಂಡು ಗುಂಡು ಬೇಡವೇ ಬೇಡ. ಒಮ್ಮೆ ನಾನು ಅದನ್ನು ತೆಳು ಕಬ್ಬಿಣದ ತಗಡಿಗೆ ಹೊಡೆದಿದ್ದೆ. ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಕನ್ನಡಕದ ಬಲ ಗಾಜಿಗೆ ಬಡಿಯಿತು. ಗಾಜಿನ ಮೇಲಿನ ಆ ಕಲೆ ಇನ್ನೂ ಇದೆ. ಕನ್ನಡಕವನ್ನು ಇಟ್ಟುಕೊಂಡಿದ್ದೇನೆ, ಹೊಸದಾಗಿ ಕಲಿಯುವವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಸೀಸದ ಪೆಲೆಟ್ ಮೆತ್ತಗೆ, ತಾಗಿದಲ್ಲಿ ಚಪ್ಪಟೆಯಾಗುತ್ತದೆ. ಆದರೂ ಕಲ್ಲು, ದಪ್ಪ ಕಬ್ಬಿಣ, ನೀರು, ಇವುಗಳ ಕಡೆ ಹೊಡೆಯಬಾರದು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನನ್ನೂ ತಿನ್ನಬಾರದು. ಮಕ್ಕಳ ವಿಷಯದಲ್ಲಿ ಇದು ತೀರಾ ಮುಖ್ಯ.

ಡಬ್ಬಿಯ ಹಿಂದೆ ಏನಿದೆ ಅನ್ನುವುದು ಡಬ್ಬಿಗಿಂತ ದೊಡ್ಡ ಪ್ರಶ್ನೆ. ತಡೆಯಿಲ್ಲದೆ ಹೋದ ಪೆಲೆಟ್ 300 ಮೀಟರ್ ಆಚೆಗೂ ಹಾರಬಲ್ಲದು. ದಪ್ಪ ಮರದ ಪೆಟ್ಟಿಗೆಯಲ್ಲಿ ಹಳೇ ಬಟ್ಟೆಯನ್ನೋ ಹಳೇ ಪತ್ರಿಕೆಯನ್ನೋ ಗಿಡಿದು ತುಂಬಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಇಡಿ. ಡಬ್ಬಿಯನ್ನು ಅದರ ಮುಂದೆ ದಾರದಲ್ಲಿ ತೂಗುಬಿಡಿ. ಆ 'ಟಣ್' ಸದ್ದು ಕೇಳಿ ಅವಳ ಮುಖ ಹೇಗೆ ಅರಳುತ್ತದೆ ನೋಡಿ. ಈ ಆಟಕ್ಕೆ ಪ್ಲಿಂಕಿಂಗ್ ಅಂತ ಹೆಸರು ಬಂದದ್ದೂ ಆ ಸದ್ದಿನಿಂದಲೇ.

ಸ್ಪ್ರಿಂಗ್ ರೈಫಲ್ಲಾದರೆ ನೀವೇ ಮಡಚಿಕೊಡಿ, ಅವಳ ಕೈಗೆ ಅಷ್ಟು ಬಲ ಇರುವುದಿಲ್ಲ. ಪೆಲೆಟ್ ಇಡುವಾಗ ಮಡಚಿದ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಭದ್ರವಾಗಿ ಹಿಡಿದಿರಬೇಕು. ಅಕಸ್ಮಾತ್ ಕೊಕ್ಕೆ ಜಾರಿದರೆ ನಳಿಗೆ ರಪ್ಪನೆ ಮುಚ್ಚಿಕೊಂಡು ಬೆರಳು ಕತ್ತರಿಸಿಹೋಗುತ್ತದೆ.

ಪ್ರಶ್ನೆ: ಸ್ಪ್ರಿಂಗ್ ರೈಫಲ್‌ಗೆ ಹಾಕಿದ ಸ್ಕೋಪ್ (ಗುರಿ ನೋಡುವ ದುರ್ಬೀನು) ಒಂದೇ ತಿಂಗಳಿಗೆ ಕೆಟ್ಟಿತು. ಒಳಗಿನ ಗೆರೆ ವಾಲಿದೆ.

ಉತ್ತರ: ಸಾಮಾನ್ಯ ಸ್ಕೋಪ್ ಒಂದು ಕಡೆಯ ಹೊಡೆತ ತಡೆಯುತ್ತದೆ. ಸ್ಪ್ರಿಂಗ್ ಬಂದೂಕು ಎರಡೂ ಕಡೆ ಜಗ್ಗುತ್ತದೆ. ಏರ್‌ಗನ್‌ಗೆ ಅಂತಲೇ ಮಾಡಿದ, 10 ಮೀಟರ್‌ಗೂ ಫೋಕಸ್ ಆಗುವ ಸ್ಕೋಪ್ ತಗೊಳ್ಳಿ. ಒಂದು ವರ್ಷ ಸ್ಕೋಪ್ ಇಲ್ಲದೆ ಹೊಡೆದರೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಗ್ಯಾಸ್ ಪಿಸ್ತೂಲಿನಲ್ಲಿ ಒಂದೇ ಸಮನೆ ಹೊಡೆದರೆ ಹತ್ತನೇ ಗುಂಡಿನ ಹೊತ್ತಿಗೆ ಬಲ ಕುಗ್ಗುತ್ತದೆ, ಯಾಕೆ?

ಉತ್ತರ: ಪಿಸ್ತೂಲಿಗೆ ಹಾಕುವ ಆ 12 ಗ್ರಾಂ ಗ್ಯಾಸ್ ಡಬ್ಬಿಯೊಳಗೆ ಇಂಗಾಲದ ಡೈಆಕ್ಸೈಡ್ ದ್ರವವಾಗಿರುತ್ತದೆ. ಅದು ಅನಿಲವಾಗುವಾಗ ತಣ್ಣಗಾಗುತ್ತದೆ, ತಣ್ಣಗಾದರೆ ಒತ್ತಡ ಇಳಿಯುತ್ತದೆ. ಗುಂಡಿಗೂ ಗುಂಡಿಗೂ ನಡುವೆ ಎರಡು ಉಸಿರು ಬಿಡಿ. ಡಬ್ಬಿಗಳನ್ನು ಬಿಸಿಲಲ್ಲಿ ಇಡಬೇಡಿ.

ಪ್ರಶ್ನೆ: ದಿನಕ್ಕೆ ಎಷ್ಟು ಗುಂಡು ಹೊಡೆದರೆ ಕೈ ಕುದುರುತ್ತದೆ?

ಉತ್ತರ: ಇಪ್ಪತ್ತು ಸಾಕು. ಐದೈದರಂತೆ ನಾಲ್ಕು ಹಾಳೆ, ಪ್ರತಿ ಹಾಳೆಯ ಮೇಲೆ ತಾರೀಕು. ಕಣ್ಣಿಗೆ ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಲಿ, ಗುರಿ ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ. ಗುಂಡು ಹೋದ ಮೇಲೂ ಒಂದೆರಡು ಕ್ಷಣ ಹಾಗೇ ಗುರಿ ನೋಡುತ್ತಾ ಇರಿ. ಎಲ್ಲಿ ಬಿತ್ತು ಅಂತ ನೋಡಲು ತಲೆ ಎತ್ತುವ ಆತುರವೇ ಎಷ್ಟೋ ಒಳ್ಳೆಯ ಗುಂಡನ್ನು ಕೆಡಿಸುತ್ತದೆ. ಒಂದು ಗುಂಡು ತಪ್ಪಿತು ಅಂತ ಸೈಟ್ ತಿರುಗಿಸಬೇಡಿ. ಐದೂ ತೂತು ಆದ ಮೇಲೆ ಅವುಗಳ ನಡು ಎಲ್ಲಿದೆ ನೋಡಿ, ಆಮೇಲೆ ಹಿಂದಿನ ಸೈಟನ್ನು ಗುಂಡು ಯಾವ ಕಡೆ ಹೋಗಬೇಕೋ ಅದೇ ಕಡೆಗೆ ಸರಿಸಿ.

ಮೊದಲ ಪತ್ರ ಬರೆದವರಿಗೆ ಒಂದು ಕೋರಿಕೆ. ಅಂಗೈ ತೆರೆದು ಹೊಡೆದ ಮೊದಲ ಹಾಳೆಯನ್ನು ನನಗೆ ಕಳಿಸಿ. ತಿರುಪು ಬಿಗಿ ಮಾಡಿದಿರಾ ಅಂತಲೂ ಅದರ ಮೂಲೆಯಲ್ಲಿ ಬರೆಯಿರಿ.